ಯುದ್ಧಕ್ಕೆ ಹೋಗಿ ವಾಪಸ್ ಬಾರದ ತಾತನ ಅಣ್ಣ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನಮ್ಮ ತಾತನ ಅಣ್ಣ ಎರಡನೇ ಮಹಾಯುದ್ಧದ ಹೊತ್ತಿಗೆ ಮಿಲಿಟರಿ ಸೇರಿದವರು ವಾಪಸ್ ಬರಲೇ ಇಲ್ಲ. ಊರು ಮಾಲೂರು ತಾಲೂಕಿನ ಒಂದು ಹಳ್ಳಿ. ಬರ್ಮಾದಲ್ಲಿ ತೀರಿಕೊಂಡರು ಅಂತ ಕೆಲವರು ಹೇಳುತ್ತಾರೆ, ಸಿಂಗಾಪುರದಲ್ಲಿ ಅಂತ ಇನ್ನು ಕೆಲವರು. ಮನೆಯಲ್ಲಿ ಉಳಿದಿರುವುದು ಒಂದು ಫೋಟೋ, ನಕ್ಷತ್ರದ ಆಕಾರದ ಒಂದು ಪದಕ, ಅಷ್ಟೇ. ಅವರ ಹೆಂಡತಿ ಕೊನೆವರೆಗೂ ಪಿಂಚಣಿ ತಗೊಳ್ಳುತ್ತಿದ್ದರಂತೆ. ಅವರ ಹೆಸರು ಬಿಟ್ಟರೆ ನಮಗೆ ಬೇರೇನೂ ಗೊತ್ತಿಲ್ಲ. ಎಲ್ಲಿ, ಯಾವಾಗ ತೀರಿಕೊಂಡರು ಅಂತ ಈಗ ತಿಳಿಯಲು ಸಾಧ್ಯವಾ?

ಉತ್ತರ: ಸಾಧ್ಯ ಇದೆ. ಬೇರೇನೂ ಗೊತ್ತಿಲ್ಲ ಅಂದಿದ್ದೀರಿ, ಆದರೆ ಪದಕ, ಫೋಟೋ, ಪಿಂಚಣಿ ಈ ಮೂರರ ಸುಳಿವೂ ಇರುವ ಮನೆಗಳು ಕಡಿಮೆ. ಎಷ್ಟೋ ಜನರ ಬಳಿ ಒಂದು ಹೆಸರು, ಒಂದು ಕಥೆ ಬಿಟ್ಟರೆ ಏನೂ ಇರುವುದಿಲ್ಲ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸೈನ್ಯದ ದಾಖಲೆ ನಡೆಯುವುದು ನಂಬರಿನ ಮೇಲೆ, ಹೆಸರಿನ ಮೇಲಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಇಂಡಿಯನ್ ಆರ್ಮಿಯಲ್ಲಿ ಸುಮಾರು 25 ಲಕ್ಷ ಜನ ಇದ್ದರು. ಅದರಲ್ಲಿ ಮುನಿಸ್ವಾಮಿಗಳು ಎಷ್ಟು, ವೆಂಕಟಪ್ಪಗಳು ಎಷ್ಟು ಯೋಚನೆ ಮಾಡಿ. ಹೆಸರು ಮಾತ್ರ ಬರೆದು ಯಾವ ಕಚೇರಿಗೆ ಪತ್ರ ಹಾಕಿದರೂ "ವಿವರ ಸಾಲದು" ಅಂತಲೇ ಉತ್ತರ ಬರುತ್ತದೆ, ಅದು ಅವರ ತಪ್ಪೂ ಅಲ್ಲ. ಹಾಗಾಗಿ ನಿಮ್ಮ ಮೊದಲ ಕೆಲಸ ಅವರ ಸರ್ವಿಸ್ ನಂಬರ್ ಮತ್ತು ಯೂನಿಟ್ಟಿನ ಹೆಸರು ಪತ್ತೆ ಮಾಡುವುದು. ಎಲ್ಲಿ ತೀರಿಕೊಂಡರು ಅನ್ನೋದು ಆಮೇಲಿನ ಪ್ರಶ್ನೆ. ಆ ಎರಡು ಸಿಕ್ಕರೆ ಉಳಿದ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ.

ನಂಬರ್ ಬಹುಶಃ ನಿಮ್ಮ ಮನೆಯಲ್ಲೇ ಇದೆ. ಪದಕ ತೆಗೆದು ಹಿಂಬದಿ ನೋಡಿ. ಬ್ರಿಟನ್ನಿನ ಸೈನಿಕರಿಗೆ ಈ ನಕ್ಷತ್ರ ಪದಕಗಳನ್ನು ಹೆಸರಿಲ್ಲದೆ ಕೊಟ್ಟಿದ್ದರು. ಆದರೆ ಭಾರತೀಯ ಸೈನಿಕರಿಗೆ ಸಾಮಾನ್ಯವಾಗಿ ನಂಬರ್, ರ‍್ಯಾಂಕ್, ಹೆಸರು, ಯೂನಿಟ್ ಒತ್ತಿಸಿಯೇ ಕೊಡುತ್ತಿದ್ದರು. ನಕ್ಷತ್ರದಲ್ಲಿ ಅದು ಹಿಂಬದಿಯಲ್ಲಿರುತ್ತದೆ, ದುಂಡು ಪದಕದಲ್ಲಿ ಅಂಚಿನ ಸುತ್ತ. ಅಕ್ಷರ ತುಂಬಾ ಸಣ್ಣದು, ಬರಿಗಣ್ಣಿಗೆ ಗೀರಿನ ಹಾಗೆ ಕಾಣಬಹುದು. ಪಕ್ಕದಿಂದ ಟಾರ್ಚ್ ಹಿಡಿದು ಮೊಬೈಲಿನಲ್ಲಿ ಹತ್ತಿರದ ಫೋಟೋ ತೆಗೆಯಿರಿ, ಓದೋಕೆ ಬರುತ್ತದೆ. ದಯವಿಟ್ಟು ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಬೇಡಿ. ಹಬ್ಬ ಹಬ್ಬಕ್ಕೆ ಉಜ್ಜಿ ಉಜ್ಜಿ ಅಕ್ಷರವೆಲ್ಲ ಸವೆದು ಹೋದ ಪದಕಗಳನ್ನು ನಾನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಹೆಸರಿನ ಪಕ್ಕದ ಚುಟುಕು ಅಕ್ಷರಗಳು ಯೂನಿಟ್ಟಿನವು. ಐ.ಇ. ಅಂದರೆ ಇಂಡಿಯನ್ ಎಂಜಿನಿಯರ್ಸ್, ಅಂದರೆ ಸ್ಯಾಪರ್‌ಗಳು, ಸೇತುವೆ ಕಟ್ಟಿದವರು, ನೆಲಬಾಂಬು ತೆಗೆದವರು. ಆರ್.ಐ.ಎ.ಎಸ್.ಸಿ. ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಲಾರಿ ಓಡಿಸಿದವರು, ರೇಷನ್ ಸಾಗಿಸಿದವರು. ಐ.ಪಿ.ಸಿ. ಅಂದರೆ ಇಂಡಿಯನ್ ಪಯನೀರ್ ಕೋರ್, ರಸ್ತೆ, ವಿಮಾನದ ನೆಲೆ, ಕ್ಯಾಂಪು ಕಟ್ಟಿದವರು. ನಮ್ಮ ಕಡೆಯಿಂದ ಹೋದವರನ್ನು ಹುಡುಕುವಾಗ ಈ ಮೂರನ್ನು ಮೊದಲು ನೋಡಬೇಕು. "ನಮ್ಮ ತಾತ ಬಂದೂಕು ಹಿಡಿದವರಲ್ಲ, ಬರೀ ಡ್ರೈವರ್ ಅಂತೆ" ಅಂತ ಕೆಲವರು ಸಣ್ಣ ದನಿಯಲ್ಲಿ ಹೇಳುತ್ತಾರೆ. ಬರ್ಮಾದ ಮಳೆಗಾಲದಲ್ಲಿ, ಘಾಟಿಯ ಕೆಸರಿನಲ್ಲಿ ಲಾರಿ ಓಡಿಸಿದವರ ಬಗ್ಗೆ "ಬರೀ" ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಪದಕದ ಮುಂಭಾಗ ನಿಮ್ಮ ಬರ್ಮಾನಾ ಸಿಂಗಾಪುರಾನಾ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. ನಡುವೆ ಕಿರೀಟ, ರಾಜನ ಅಕ್ಷರಗಳು, ಸುತ್ತ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಯಾವ ಸ್ಟಾರ್ ಅಂತ ಬರೆದಿರುತ್ತದೆ. ಬರ್ಮಾ ಸ್ಟಾರ್ ಆದರೆ 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರ ನಡುವೆ ಬರ್ಮಾ ಕಡೆಯ ಯುದ್ಧದಲ್ಲಿ ಇದ್ದವರು. ಅದರ ರಿಬ್ಬನ್ ಕಡುನೀಲಿ, ನಡುವೆ ಅಗಲವಾದ ಕೆಂಪು, ಎರಡೂ ಕಡೆಯ ನೀಲಿಯಲ್ಲಿ ಕಿತ್ತಳೆ ಗೀರು. ಮಲಯ, ಸಿಂಗಾಪುರದಲ್ಲಿ ನೆಲದ ಮೇಲೆ ಹೋರಾಡಿದ ಸೇನೆಯವರಿಗೆ ಸಿಕ್ಕಿದ್ದು ಪೆಸಿಫಿಕ್ ಸ್ಟಾರ್. ಅದರ ರಿಬ್ಬನ್ ಅಂಚು ಕೆಂಪು, ಒಳಗೆ ಹಸಿರು, ನಟ್ಟನಡುವೆ ಹಳದಿ. ಮರಳಿನ ಬಣ್ಣದ ರಿಬ್ಬನ್ ಇದ್ದರೆ ಅದು ಆಫ್ರಿಕಾ ಸ್ಟಾರ್, ಆಗ ಮನೆಯ ಎರಡೂ ಕಥೆಗಳನ್ನು ಬದಿಗಿಟ್ಟು ಹೊಸದಾಗಿ ಶುರು ಮಾಡಬೇಕು. "1939–1945 ಸ್ಟಾರ್" ಅಂತ ಮಾತ್ರ ಇದ್ದರೆ ಯುದ್ಧಭೂಮಿಗೆ ಹೋಗಿದ್ದರು ಅನ್ನೋದು ಖಾತ್ರಿ, ಎಲ್ಲಿಗೆ ಅನ್ನೋದು ಗೊತ್ತಾಗುವುದಿಲ್ಲ. ಆಗ ಇನ್ನೊಂದು ಪದಕ ಯಾವುದೋ ನೆಂಟರ ಮನೆಯಲ್ಲಿ ಇರುವ ಸಾಧ್ಯತೆ ಜಾಸ್ತಿ, ಯಾಕಂದರೆ ಇವು ಸಾಮಾನ್ಯವಾಗಿ ಒಂಟಿಯಾಗಿ ಬರುತ್ತಿರಲಿಲ್ಲ. ದಾಯಾದಿಗಳ ಮನೆಯಲ್ಲೂ ಕೇಳಿ.

ರಿಬ್ಬನ್ ನೋಡಿ ಮಾತ್ರ ತೀರ್ಮಾನಕ್ಕೆ ಬರಬೇಡಿ, ಅದನ್ನು ಯಾರಾದರೂ ಬದಲಿಸಿರಬಹುದು. ಲೋಹದ ಮೇಲಿನ ಬರಹವೇ ನಂಬಿಕೆಯದು.

ಫೋಟೋದಲ್ಲಿ ಮುಖಕ್ಕಿಂತ ಮೊದಲು ಭುಜ ನೋಡಿ. ಭುಜದ ತುದಿಯಲ್ಲಿ ರೆಜಿಮೆಂಟಿನ ಹೆಸರಿನ ಹಿತ್ತಾಳೆ ಅಥವಾ ಬಟ್ಟೆಯ ಪಟ್ಟಿ ಇರುತ್ತದೆ, ತೋಳಿನ ಮೇಲ್ಭಾಗದಲ್ಲಿ ಡಿವಿಜನ್ನಿನ, ಅಂದರೆ ಹಲವು ಯೂನಿಟ್ಟುಗಳು ಸೇರಿದ ದೊಡ್ಡ ಪಡೆಯ, ಗುರುತು ಇರಬಹುದು. ಕಪ್ಪು ಬೆಕ್ಕು ಕಂಡರೆ 17ನೇ ಡಿವಿಜನ್, ಬಾಣ ಇದ್ದರೆ 7ನೇ ಡಿವಿಜನ್, ಕಠಾರಿ ಹಿಡಿದ ಕೈ ಇದ್ದರೆ 19ನೇ ಡಿವಿಜನ್, ಈ ಮೂರೂ ಬರ್ಮಾದಲ್ಲಿ ಹೋರಾಡಿದವು. ಹದ್ದಿನ ಗುರುತು 4ನೇ ಡಿವಿಜನ್ನಿನದು, ಅದು ಆಫ್ರಿಕಾ, ಇಟಲಿಗೆ ಹೋದದ್ದು. ಫೋಟೋ ಫ್ರೇಮಿನಿಂದ ಬಿಡಿಸಿ ಹಿಂಬದಿಯನ್ನೂ ನೋಡಿ. ಸ್ಟುಡಿಯೋ ಮೊಹರು ಬೆಂಗಳೂರು ಕಂಟೋನ್ಮೆಂಟಿನದೋ, ಕೈರೋದ್ದೋ, ರಂಗೂನಿನದೋ ಅನ್ನುವುದೇ ದೊಡ್ಡ ಸುಳಿವು. ಹಳೆಯ ಕಾಗದ ಅಥವಾ ಕವರ್ ಸಿಕ್ಕರೆ ಅಂಚೆ ಮೊಹರಿನಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್ ಇರುತ್ತದೆ. ಸೆನ್ಸಾರ್ ಇದ್ದದ್ದರಿಂದ ಅವರು ಊರಿನ ಹೆಸರು ಬರೆಯುವ ಹಾಗಿರಲಿಲ್ಲ. ಆದರೆ ಆ ನಂಬರಿನ ಅಂಚೆ ಕಚೇರಿ ಯಾವ ತಿಂಗಳು ಎಲ್ಲಿತ್ತು ಅಂತ ಅಂಚೆಚೀಟಿ ಸಂಗ್ರಾಹಕರು ಪಟ್ಟಿ ಮಾಡಿ ಇಟ್ಟಿದ್ದಾರೆ.

ಈಗ ಪಿಂಚಣಿಗೆ ಬರೋಣ. ನಿಮ್ಮ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ಮನುಷ್ಯ ಹೋದ ಮೇಲೂ ದುಡ್ಡಿನ ಲೆಕ್ಕ ದಶಕಗಟ್ಟಲೆ ನಡೆದಿದೆ, ಅಂದರೆ ಕಾಗದವೂ ನಡೆದಿದೆ. ಸೇನೆಯಲ್ಲಿ ಪಿಂಚಣಿ ಇಲ್ಲದೆ ಬಿಡುಗಡೆ ಆದವರ ಸರ್ವಿಸ್ ಕಾಗದಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುವುದು ನಿಯಮ. ಯುದ್ಧಕ್ಕೆ ಅಂತ ಸೇರಿ 1946ರಲ್ಲಿ ಮನೆಗೆ ಬಂದವರಲ್ಲಿ ಬಹಳ ಜನರ ಕಾಗದ ಹಾಗೇ ಹೋಯಿತು. ಪಿಂಚಣಿ ಇದ್ದವರ ಕಾಗದ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ವಿಧವೆಗೆ ಪಿಂಚಣಿ ಮಂಜೂರು ಆಗಬೇಕಾದರೆ ಯಾರೋ ಒಬ್ಬ ಅಧಿಕಾರಿ ಸಾವಿನ ದಿನಾಂಕ, ಕಾರಣ, ನಂಬರ್, ಹೆಂಡತಿಯ ಹೆಸರು, ಊರು ಎಲ್ಲವನ್ನೂ ಒಂದು ಕಾಗದದಲ್ಲಿ ಬರೆಯಲೇಬೇಕಿತ್ತು, ಅಲ್ವಾ?

ಆ ಕಾಗದದ ಹೆಸರು ಪೆನ್ಶನ್ ಪೇಮೆಂಟ್ ಆರ್ಡರ್, ಎಲ್ಲರೂ ಪಿಪಿಒ ಅನ್ನುತ್ತಾರೆ. ಅಜ್ಜಿಯ ಟ್ರಂಕು, ಹಳೆಯ ಬ್ಯಾಂಕ್ ಪಾಸ್‌ಬುಕ್ಕು, ಅಂಚೆ ಕಚೇರಿ ಪುಸ್ತಕ, ರೇಷನ್ ಕಾರ್ಡು ಇಟ್ಟಿರುವ ಡಬ್ಬಿ ಎಲ್ಲ ನೋಡಿ. ಅಜ್ಜಿ ಪಿಂಚಣಿಗೆ ಎಲ್ಲಿಗೆ ಹೋಗುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ: ಮಾಲೂರು ಖಜಾನೆಗೋ, ಅಂಚೆ ಕಚೇರಿಗೋ, ಬ್ಯಾಂಕಿಗೋ? ಜೊತೆಗೆ ಯಾರು ಹೋಗುತ್ತಿದ್ದರು? ಕರೆದುಕೊಂಡು ಹೋಗುತ್ತಿದ್ದ ಹುಡುಗ ಈಗ ಎಪ್ಪತ್ತು ದಾಟಿದ ಮುದುಕರಾಗಿರುತ್ತಾರೆ, ಅವರಿಗೆ ಪುಸ್ತಕದ ಬಣ್ಣ ಕೂಡ ನೆನಪಿರುತ್ತದೆ. ಪಿಪಿಒ ನಂಬರ್ ಸಿಕ್ಕರೆ ಪ್ರಯಾಗ್‌ರಾಜ್‌ನಲ್ಲಿರುವ ಸೇನಾ ಪಿಂಚಣಿ ಲೆಕ್ಕದ ಕಚೇರಿಗೆ, ಅಂದರೆ ಪಿಸಿಡಿಎ ಪೆನ್ಶನ್ಸ್‌ಗೆ, ಬರೆದು ಕೇಳಬಹುದು. ಸಿಗದಿದ್ದರೂ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಗೆ ಒಮ್ಮೆ ಹೋಗಿ. ಸೈನಿಕರ ವಿಧವೆಯರ ಪಟ್ಟಿ, ಅರ್ಜಿ ಇಟ್ಟುಕೊಳ್ಳುವ ಕಚೇರಿ ಅದು. ಕುಟುಂಬಕ್ಕೆ ಮಾಜಿ ಸೈನಿಕರ ಲೆಕ್ಕದಲ್ಲಿ ದರಖಾಸ್ತು ಜಮೀನು ಸಿಕ್ಕಿತ್ತಾ ಅಂತಲೂ ಕೇಳಿ ನೋಡಿ. ಸಿಕ್ಕಿದ್ದರೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಮಂಜೂರಾತಿ ಕಡತದಲ್ಲಿ ಸೈನ್ಯದ ಕಾಗದದ ನಕಲು ಇರುವ ಸಂಭವ ಇದೆ.

ಇದೆಲ್ಲ ಮಾಡುತ್ತಾ ಇರುವಾಗಲೇ ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ ಒಂದಿದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ 1917ರಲ್ಲಿ ಶುರುವಾದ ಸಂಸ್ಥೆ ಇದೆ. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸೈನಿಕರ ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ, ದುಡ್ಡು ಕೊಡಬೇಕಾಗಿಲ್ಲ. ಎರಡನೇ ಯುದ್ಧಕ್ಕೆ ಅವರು ಹಿಡಿದ ಅವಧಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಹಾಗಾಗಿ ಯುದ್ಧ ಮುಗಿದ ಮೇಲೆ, ಇನ್ನೂ ಸೇವೆಯಲ್ಲಿದ್ದಾಗ, ಕಾಯಿಲೆಯಿಂದ ಹೋದವರೂ ಅದರಲ್ಲಿ ಸೇರುತ್ತಾರೆ.

ಹೆಸರು ಟೈಪ್ ಮಾಡಿ ಸಿಗಲಿಲ್ಲ ಅಂತ ಬಿಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಹೆಸರು ಇದ್ದವರನ್ನು ಅವರು ಸರ್‌ನೇಮ್ ಜಾಗದಲ್ಲಿ ಹಾಕಿದ್ದಾರೆ. ಮುನಿಸ್ವಾಮಿ ಅನ್ನುವ ಹೆಸರನ್ನು ಇಂಗ್ಲಿಷ್ ಗುಮಾಸ್ತ, ತಮಿಳು ಗುಮಾಸ್ತ, ಪಂಜಾಬಿ ಗುಮಾಸ್ತ ಮೂರು ಥರ ಬರೆದಿರುತ್ತಾರೆ. ಕೆಲವರು ಮನೆಯಲ್ಲಿ ಹೇಳದೆ ಓಡಿಹೋಗಿ ಬೇರೆ ಹೆಸರು ಕೊಟ್ಟು ಸೇರಿದ್ದೂ ಉಂಟು. ಹೆಸರಿನ ಬದಲು ಹೀಗೆ ಮಾಡಿ: ಇಂಡಿಯನ್ ಆರ್ಮಿ, ಎರಡನೇ ಯುದ್ಧ ಅಂತ ಆರಿಸಿ, ಪದಕದಲ್ಲಿ ಸಿಕ್ಕಿದ ರೆಜಿಮೆಂಟ್ ಹಾಕಿ, ಹೆಚ್ಚಿನ ಮಾಹಿತಿ ಅನ್ನುವ ಜಾಗದಲ್ಲಿ ಕೋಲಾರ, ಮಾಲೂರು, ಮೈಸೂರು, ಬೆಂಗಳೂರು ಅಂತ ಒಂದೊಂದಾಗಿ ಇಂಗ್ಲಿಷಿನಲ್ಲಿ ಹುಡುಕಿ. ಆಗ ಸ್ಪೆಲಿಂಗ್ ಬೇರೆ ಬೇರೆ ಇತ್ತು, ಎಲ್ಲವನ್ನೂ ಹಾಕಿ. ಸಿಕ್ಕಿದ ಪಟ್ಟಿಯನ್ನು ಇಳಿಸಿಕೊಂಡು ತಾಳ್ಮೆಯಿಂದ ಓದಿ. "ಇಂಥವರ ಮಗ, ಇಂಥವಳ ಗಂಡ, ಇಂಥ ಊರು" ಅಂತ ಕೆಲವರ ಎದುರು ಒಂದು ಸಾಲು ಇರುತ್ತದೆ. ತಂದೆಯ ಹೆಸರು ಮತ್ತು ಹೆಂಡತಿಯ ಹೆಸರು ಎರಡೂ ಹೊಂದಿದರೆ ಅವರೇ ಅಂತ ತಿಳಿಯಬಹುದು. ಒಂದೇ ಹೊಂದಿದರೆ ಆಸೆಗೆ ಬಿದ್ದು ಒಪ್ಪಿಕೊಳ್ಳಬೇಡಿ. ಬೇರೆ ಯಾರದೋ ಅಜ್ಜನನ್ನು ತಮ್ಮವರು ಅಂದುಕೊಂಡು ಫೋಟೋ ಪಕ್ಕ ಪ್ರಮಾಣಪತ್ರ ತೂಗುಹಾಕಿದ ಮನೆಗಳೂ ಇವೆ.

ಬೇರೆ ಜಿಲ್ಲೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಆಗ ಕರ್ನಾಟಕ ಅನ್ನುವ ರಾಜ್ಯ ಇರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರು ಬಾಂಬೆ ಪ್ರಾಂತ್ಯದಲ್ಲಿ ಸಿಗುತ್ತಾರೆ. ಮಂಗಳೂರು, ಬಳ್ಳಾರಿಯವರು ಮದ್ರಾಸ್ ಪ್ರಾಂತ್ಯದಲ್ಲಿ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಹೈದರಾಬಾದಿನಲ್ಲಿ, ಕೊಡಗು ಪ್ರತ್ಯೇಕ. ಊರಿನ ಹೆಸರುಗಳೂ ಬೇರೆ: ರಾಮನಗರ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಮಡಿಕೇರಿ ಮರ್ಕೇರಾ ಅಂತ ಇರುತ್ತದೆ.

ಪಟ್ಟಿಯಲ್ಲಿ ಸಿಕ್ಕರೆ ಯಾವ ಸ್ಮಾರಕದಲ್ಲಿ ಹೆಸರಿದೆ ಅಂತಲೂ ಬರುತ್ತದೆ. ರಂಗೂನ್ ಮೆಮೋರಿಯಲ್ ಅಂದರೆ ಮ್ಯಾನ್ಮಾರಿನ ಟೌಕ್ಯಾನ್ ಸ್ಮಶಾನದಲ್ಲಿರುವುದು, ಬರ್ಮಾ ಯುದ್ಧದಲ್ಲಿ ಸತ್ತು ಗೋರಿ ಗೊತ್ತಿಲ್ಲದ ಸುಮಾರು 27,000 ಜನರ ಹೆಸರು ಅಲ್ಲಿದೆ. ಸಿಂಗಾಪುರ ಮೆಮೋರಿಯಲ್ ಅಂದರೆ ಕ್ರಾಂಜಿಯದು, ಅಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ. ಡೆಲ್ಲಿ ಕರಾಚಿ ಮೆಮೋರಿಯಲ್ ಅಂತ ಇದ್ದರೆ ಬಹುಮಟ್ಟಿಗೆ ಅವರು ಭಾರತದೊಳಗೇ ತೀರಿಕೊಂಡಿರಬಹುದು, ಆಸ್ಪತ್ರೆಯಲ್ಲೋ, ತರಬೇತಿಯಲ್ಲೋ, ಅಪಘಾತದಲ್ಲೋ. ಅದನ್ನು ಕೇಳಿ ಬೇಜಾರು ಮಾಡಿಕೊಳ್ಳುವವರಿದ್ದಾರೆ, ಹಾಗೆ ಮಾಡಿಕೊಳ್ಳಬೇಡಿ. ಮಲೇರಿಯಾ, ಭೇದಿ ತೆಗೆದುಕೊಂಡು ಹೋದ ಜೀವಗಳೂ ಆ ಯುದ್ಧದ ಲೆಕ್ಕದವೇ.

ಸಿಂಗಾಪುರದ ಕಥೆ ನಿಜವಾದರೆ ಹುಡುಕಾಟ ಸ್ವಲ್ಪ ಕವಲೊಡೆಯುತ್ತದೆ. 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾಯಿತು, ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು. ಮೈಸೂರು ಸಂಸ್ಥಾನದ್ದೇ ಪಡೆಯಾದ ಫಸ್ಟ್ ಮೈಸೂರ್ ಇನ್‌ಫೆಂಟ್ರಿಯೂ ಅಲ್ಲಿತ್ತು. ನಿಮ್ಮ ಕೋಲಾರ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಇದನ್ನು ಮರೆಯಬಾರದು. ಸಂಸ್ಥಾನದ ಪಡೆಯ ಕಾಗದ ಬ್ರಿಟಿಷ್ ಇಂಡಿಯನ್ ಆರ್ಮಿಯ ಕಾಗದದ ಜೊತೆ ಇರುವುದಿಲ್ಲ. ಆ ಪಡೆ ಆಮೇಲೆ ಭಾರತೀಯ ಸೇನೆಯಲ್ಲಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು, ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿದೆ. ಸಂಸ್ಥಾನದ ಮಿಲಿಟರಿ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಬೇಕು.

ಸೆರೆಯಾದವರಲ್ಲಿ ಸಾವಿರಾರು ಜನ ಆಜಾದ್ ಹಿಂದ್ ಫೌಜ್, ಅಂದರೆ ಐಎನ್‌ಎ, ಸೇರಿದರು. ಸೇರದ ಎಷ್ಟೋ ಜನರನ್ನು ಜಪಾನಿನವರು ನ್ಯೂ ಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿ ಕೆಲಸಕ್ಕೆ ಹಡಗಿನಲ್ಲಿ ಸಾಗಿಸಿದರು. ಅಲ್ಲಿನ ಲೇ, ರಬೌಲ್ ಊರುಗಳ ಯುದ್ಧ ಸ್ಮಶಾನಗಳಲ್ಲಿ ಭಾರತೀಯ ಸೈನಿಕರ ಗೋರಿಗಳಿವೆ. "ಸಿಂಗಾಪುರದಲ್ಲಿ ಹೋದರು" ಅಂತ ಮನೆಯಲ್ಲಿ ಹೇಳುವವರು ನಿಜವಾಗಿ ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ ಹೋಗಿರಬಹುದು. ಫೌಜ್ ಸೇರಿದ್ದರೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ ಐಎನ್‌ಎ ಕಡತಗಳಿವೆ, ಅವರ ಅಭಿಲೇಖ್ ಪಟಲ್ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಹುಡುಕಬಹುದು. ಯುದ್ಧದ ನಂತರ ಫೌಜ್‌ನವರಲ್ಲಿ ಬಹಳ ಜನರನ್ನು ಸಂಬಳ, ಪಿಂಚಣಿ ಇಲ್ಲದೆ ಸೇನೆಯಿಂದ ತೆಗೆದುಹಾಕಿದ್ದರು. ನಿಮ್ಮ ಅಜ್ಜಿಗೆ ಸೇನೆಯ ಪಿಂಚಣಿ ಬರುತ್ತಿತ್ತು ಅನ್ನುವುದು ನಿಜವಾದರೆ ಆ ದಾರಿ ನಿಮಗೆ ಬೇಕಾಗದೆ ಇರಬಹುದು. ಅದು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಆಗಿತ್ತಾ ಅನ್ನುವುದನ್ನು ಮಾತ್ರ ಹಿರಿಯರ ಬಳಿ ಖಚಿತ ಮಾಡಿಕೊಳ್ಳಿ. ಐಎನ್‌ಎಯವರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರ ಸರ್ಕಾರ ಆಮೇಲೆ ಅದನ್ನು ಕೊಟ್ಟಿತ್ತು. ಎರಡೂ ಬೇರೆ ಬೇರೆ.

ನಂಬರ್, ಯೂನಿಟ್ ಕೈಗೆ ಬಂದ ಮೇಲೆ ಆ ಯೂನಿಟ್ಟಿನ ಇವತ್ತಿನ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್ ಆಗಿದ್ದರೆ ನಿಮ್ಮ ಅದೃಷ್ಟ, ಅದು ಬೆಂಗಳೂರಿನಲ್ಲೇ, ಹಲಸೂರು ಕೆರೆ ಪಕ್ಕ, ಮದ್ರಾಸ್ ಎಂಜಿನಿಯರ್ ಗ್ರೂಪ್. ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿಯಲ್ಲಿದೆ. ಆರ್.ಐ.ಎ.ಎಸ್.ಸಿ. ಈಗ ಎಎಸ್‌ಸಿ, ಅಂದರೆ ಆರ್ಮಿ ಸರ್ವಿಸ್ ಕೋರ್, ಅದರ ದಕ್ಷಿಣದ ಕೇಂದ್ರವೂ ಬೆಂಗಳೂರೇ. ಪಯನೀರ್ ಕೋರ್ ಕೇಂದ್ರವೂ ಬೆಂಗಳೂರಿನಲ್ಲಿದೆ.

ಪತ್ರ ಚಿಕ್ಕದಾಗಿರಲಿ, ಕೇಳುವುದು ಖಚಿತವಾಗಿರಲಿ. "ಅವರ ಬಗ್ಗೆ ಇರುವ ಎಲ್ಲ ಮಾಹಿತಿ ಕೊಡಿ" ಅಂದರೆ ಕೆಲಸ ಆಗುವುದಿಲ್ಲ. ಲಾಂಗ್ ರೋಲ್‌ನಲ್ಲಿರುವ ಅವರ ನಮೂದಿನ ನಕಲು ಕೊಡಿ ಅಂತ ಕೇಳಿ. ಲಾಂಗ್ ರೋಲ್ ಅಂದರೆ ಯೂನಿಟ್ಟಿಗೆ ಸೇರಿದ ಪ್ರತಿಯೊಬ್ಬರ ನಂಬರ್, ಹೆಸರು, ಸೇರಿದ ದಿನ, ಹೊರಬಂದ ದಿನ ಬರೆದ ದೊಡ್ಡ ಪುಸ್ತಕ. ಸರ್ವಿಸ್ ಕಾಗದ ನಾಶವಾದವರಿಗೂ ಇದರಲ್ಲಿ ಒಂದು ಸಾಲು ಉಳಿದಿರುತ್ತದೆ, ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ಜೊತೆಗೆ ಸಾವಿನ ದಿನಾಂಕ, ಜಾಗ, ಕಾರಣ, ವಾರಸುದಾರರ ಹೆಸರು ಕೇಳಿ. ಪದಕದ ಫೋಟೋ, ವಂಶವೃಕ್ಷ, ನಿಮ್ಮ ಗುರುತಿನ ಚೀಟಿ ಲಗತ್ತಿಸಿ. ನಾಡಕಚೇರಿಯಿಂದ ವಂಶವೃಕ್ಷದ ಪ್ರಮಾಣಪತ್ರ ಮಾಡಿಸಿಕೊಂಡರೆ "ನೀವು ಯಾರು" ಅನ್ನುವ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟ ಹಾಗಾಗುತ್ತದೆ. ಉತ್ತರ ಬಾರದಿದ್ದರೆ ಆರ್‌ಟಿಐ ಹಾಕಿ, 10 ರೂಪಾಯಿ ಶುಲ್ಕ, ಕೇಂದ್ರ ಸರ್ಕಾರದ ಪೋರ್ಟಲ್ಲಿನಲ್ಲಿ ಭಾರತೀಯ ಸೇನೆಯನ್ನು ಆರಿಸಿಕೊಳ್ಳಬೇಕು. ಆದರೆ ನಂಬರ್ ಸಿಗುವ ಮೊದಲೇ ಸುಮ್ನೆ ಆರ್‌ಟಿಐ ಹಾಕಬೇಡಿ, "ದಾಖಲೆ ಲಭ್ಯವಿಲ್ಲ" ಅಂತ ಒಂದು ಸಲ ಬರವಣಿಗೆಯಲ್ಲಿ ಬಂದರೆ ಮತ್ತೆ ಕೇಳುವುದು ಕಷ್ಟ.

ಸಾವಿನ ದಿನಾಂಕ ಮತ್ತು ಯೂನಿಟ್ ಎರಡೂ ಗೊತ್ತಾದರೆ ಆ ದಿನ ಏನಾಯಿತು ಅಂತಲೂ ತಿಳಿಯಬಹುದು. ಪ್ರತಿ ಯೂನಿಟ್ ದಿನಚರಿ ಬರೆಯುತ್ತಿತ್ತು, ವಾರ್ ಡೈರಿ ಅಂತ. ಬರ್ಮಾದ ಯೂನಿಟ್ಟುಗಳವು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಒ 172 ಅನ್ನುವ ಸಾಲಿನಲ್ಲಿವೆ. ಅಲ್ಲಿರುವ ನೆಂಟರೋ ಸ್ನೇಹಿತರೋ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಖರ್ಚು ಉಳಿಯುತ್ತದೆ. ಅದರಲ್ಲಿ ಹೆಸರು ಹುಡುಕಬೇಡಿ. ಅಧಿಕಾರಿಗಳ ಹೆಸರು ಇರುತ್ತದೆ, ನಮ್ಮವರು "2 ಐಒಆರ್ ಕಿಲ್ಡ್" ಅನ್ನುವ ಸಾಲಿನೊಳಗೆ ಇರುತ್ತಾರೆ. ಐಒಆರ್ ಅಂದರೆ ಇಂಡಿಯನ್ ಅದರ್ ರ‍್ಯಾಂಕ್, ಸಾಮಾನ್ಯ ಸಿಪಾಯಿ. ಓದುವಾಗ ಸಿಟ್ಟು ಬರುತ್ತದೆ, ಬರಲಿ. ಆದರೆ ತಾರೀಕು ಹೊಂದಿದರೆ ಆ ಇಬ್ಬರಲ್ಲಿ ಒಬ್ಬರು ನಿಮ್ಮವರು. ಯಾವ ಹೊಳೆ ದಾಟುತ್ತಿದ್ದರು, ಯಾವ ಸೇತುವೆ ಕಟ್ಟುತ್ತಿದ್ದರು, ಮಳೆ ಇತ್ತಾ ಅನ್ನುವುದೆಲ್ಲ ಅದೇ ಪುಟದಲ್ಲಿ ಸಿಗುತ್ತದೆ. ಮಲಯದಲ್ಲಿ ಕಾಣೆಯಾದವರ ದಿನಾಂಕದ ಬಗ್ಗೆ ಮಾತ್ರ ಎಚ್ಚರ. ಎಷ್ಟೋ ಜನಕ್ಕೆ ಆಮೇಲೆ ಅಂದಾಜಿನಲ್ಲಿ ಒಂದು ತಾರೀಕು ಹಾಕಿದ್ದಾರೆ.

ಕಮಿಷನ್ನಿನ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ, ಅಥವಾ ಇದ್ದೂ ತಂದೆ, ಊರಿನ ಸಾಲು ಖಾಲಿ ಇದ್ದರೆ, ಅಲ್ಲಿಗೆ ಬಿಡಬೇಡಿ. ಮೊದಲ ಮಹಾಯುದ್ಧದಲ್ಲಿ ಸತ್ತ ಸಾವಿರಾರು ಭಾರತೀಯರಿಗೂ ಆಫ್ರಿಕನ್ನರಿಗೂ ಬಿಳಿಯರಿಗೆ ಸಮನಾದ ಸ್ಮರಣೆ ಸಿಗಲಿಲ್ಲ ಅಂತ ಕಮಿಷನ್ನೇ 2021ರಲ್ಲಿ ವರದಿ ಕೊಟ್ಟು ಒಪ್ಪಿಕೊಂಡಿದೆ. ದಾಖಲೆ ಕಳಿಸಿದರೆ ಅವರು ಪರಿಶೀಲಿಸಿ ಹೆಸರು ಸೇರಿಸುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ. ಲಾಂಗ್ ರೋಲ್ ನಕಲು, ಪಿಪಿಒ, ಪದಕದ ಫೋಟೋ ಮೂರನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಅಲ್ಲಿ ಕೇಳುವುದು ಅವನ್ನೇ.